ಸ್ವಿಚ್ ಮುಟ್ಟಬೇಡಿ

ಯಾರ ಮನೆಯಲ್ಲೇ ಆಗಲಿ, ವಸ್ತುಗಳಲ್ಲಿ ಎರಡು ಬಗೆ. ಕೇಳಿ ಮುಟ್ಟಬೇಕಾದವು ಕೆಲವು, ಕೇಳದೆ ಮುಟ್ಟಬಹುದಾದವು ಕೆಲವು. ಬೀರುವಿನ ಬೀಗದ ಕೈ, ಯಜಮಾನರ ಕಾಗದಪತ್ರದ ಪೆಟ್ಟಿಗೆ, ಬೆಳೆದ ಮಗಳ ಡೈರಿ, ಇವೆಲ್ಲ ಮೊದಲನೆಯ ಬಗೆಯವು. ಕುಡಿಯುವ ನೀರಿನ ಲೋಟ, ಕಿಟಕಿಯ ಚಿಲಕ, ಬಾಗಿಲ ಬಳಿಯ ಕಾಲೊರಸು, ಗೋಡೆಯ ಮೇಲಿನ ಲೈಟಿನ ಸ್ವಿಚ್ಚು ಎರಡನೆಯವು. ಮೊದಲ ಸಲ ಮನೆಗೆ ಬಂದ ನೆಂಟರು ಕೂಡ ಬಚ್ಚಲಿಗೆ ಹೋಗುವಾಗ "ಲೈಟು ಹಾಕಿಕೊಳ್ಳಲೇ?" ಎಂದು ಅಪ್ಪಣೆ ಕೇಳುವುದಿಲ್ಲ. ಸ್ವಿಚ್ಚು ಎಲ್ಲಿದೆ ಎಂದು ಕೇಳಿಯಾರು, ಅಷ್ಟೆ. ಗೋಡೆ ತಡವಿ ತಾವೇ ಹಾಕಿಕೊಳ್ಳುತ್ತಾರೆ. ಹೀಗೆ ಕೇಳದೆ ಮುಟ್ಟಬಹುದಾದ ವಸ್ತುಗಳು ಎಷ್ಟು ಹೆಚ್ಚಿದ್ದರೆ ಆ ಮನೆಯಲ್ಲಿ ಅಷ್ಟು ಹಗುರವಾಗಿ ಓಡಾಡಬಹುದು. ನಮಗೆ ಕೆಲವರ ಮನೆ ನಮ್ಮದೇ ಅನ್ನಿಸುವುದಕ್ಕೂ, ಕೆಲವರ ಮನೆಯಲ್ಲಿ ಸೋಫಾದ ತುದಿಯಲ್ಲೇ ಕೂತು ಎದ್ದು ಬರುವುದಕ್ಕೂ ಇದೇ ಕಾರಣವಿರಬೇಕು.

ಎರಡನೆಯ ಬಗೆಯ ವಸ್ತುವೊಂದು ನಮ್ಮ ಕಣ್ಣೆದುರೇ ಮೊದಲನೆಯ ಬಗೆಗೆ ಹೋದರೆ ಏನಾಗುತ್ತದೆ? ನಮ್ಮ ಮನೆಯಲ್ಲಿ ಹಾಗಾಯಿತು.

ಅಲ್ಲಾಳಸಂದ್ರದಲ್ಲಿ ನಮ್ಮ ಮನೆ. ಕೆರೆಗೆ ಹತ್ತು ನಿಮಿಷದ ನಡಿಗೆ. ಎಂಬತ್ತನಾಲ್ಕು ದಾಟಿದ ಅತ್ತೆ, ನಾವಿಬ್ಬರು, ಮಗ, ಸೊಸೆ. ಹೊತ್ತು ಮೂಡುವ ಮೊದಲೇ ಬಂದು ಪಾತ್ರೆ, ನೆಲ ನೋಡಿಕೊಂಡು ಹೋಗುವಾಕೆಯನ್ನೂ ಸೇರಿಸಿದರೆ ಆರು ಜನ. ಮಗ ಹೆಬ್ಬಾಳದಾಚೆಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಒಂದು ದೀಪಾವಳಿಗೆ ಅವನು ಒಂದು ಡಜನ್ ಸ್ಮಾರ್ಟ್ ಬಲ್ಬು ತಂದು ಹಳೆಯ ಬಲ್ಬುಗಳನ್ನೆಲ್ಲ ತೆಗೆದು ಅವನ್ನು ಹಾಕಿದ. ನೋಡಲು ಸಾಮಾನ್ಯ ಎಲ್‌ಇಡಿ ಬಲ್ಬಿನ ಹಾಗೆಯೇ ಇರುತ್ತವೆ, ಅದೇ ಹೋಲ್ಡರಿಗೆ ಹಿಡಿಸುತ್ತವೆ. ಒಳಗೆ ಒಂದು ಪುಟ್ಟ ರೇಡಿಯೋ ಇರುತ್ತದಂತೆ. ಅದು ಮನೆಯ ವೈಫೈ ಮೂಲಕ ಮೊಬೈಲಿನ ಮಾತು ಕೇಳುತ್ತದೆ. ಮಂಚದಲ್ಲಿ ಮಲಗಿಕೊಂಡೇ ಹಾಲಿನ ಲೈಟು ಆರಿಸಬಹುದು, ಬೆಳ್ಳಗಿನದನ್ನು ಅರಿಸಿನ ಬಣ್ಣಕ್ಕೆ ತಿರುಗಿಸಬಹುದು, ಊರಿಗೆ ಹೋದಾಗ ಸಂಜೆ ಆರಕ್ಕೆ ತಾನಾಗಿ ಹತ್ತುವಂತೆ ಹೇಳಿಟ್ಟು ಹೋಗಬಹುದು. ಸುಳ್ಳೇಕೆ ಹೇಳಲಿ, ಮೊದಲ ವಾರ ನನಗೂ ಅದು ಚೆಂದವೇ ಕಂಡಿತು.

ಆದರೆ ಈ ಬಲ್ಬಿಗೆ ಒಂದು ಷರತ್ತಿದೆ. ಅದು ಫೋನಿನ ಮಾತು ಕೇಳಬೇಕಾದರೆ ಅದಕ್ಕೆ ಸದಾ ಕರೆಂಟು ಹರಿಯುತ್ತಿರಬೇಕು. ಅಂದರೆ ಗೋಡೆಯ ಸ್ವಿಚ್ಚು ಹಗಲೂ ರಾತ್ರಿ ಹಾಕಿಯೇ ಇರಬೇಕು. ಯಾರಾದರೂ ಅಭ್ಯಾಸಬಲದಿಂದ ಸ್ವಿಚ್ ಆರಿಸಿದರೋ, ಬಲ್ಬು ಸತ್ತ ಹಾಗೆ. ಫೋನಿನಲ್ಲಿ ಎಷ್ಟು ಒತ್ತಿದರೂ ಓಗೊಡುವುದಿಲ್ಲ. ನಮ್ಮ ಮನೆಯಲ್ಲಿ ಆರಿಸುವವರಿಗೇನು ಕೊರತೆ? ರೂಮಿನಿಂದ ಹೊರಗೆ ಬರುವಾಗ ಲೈಟು ಆರಿಸಿ ಬರಬೇಕೆಂದು ಆ ಮಗನಿಗೇ ಕಲಿಸಿದವಳು ನಾನು. ಒಂದು ವಾರದೊಳಗೆ ಎಲ್ಲ ಸ್ವಿಚ್‌ಬೋರ್ಡುಗಳ ಮೇಲೆ ಬಿಳಿಯ ಟೇಪು ಬಂತು, ಟೇಪಿನ ಮೇಲೆ ಕೆಂಪು ಶಾಯಿಯಲ್ಲಿ "ಸ್ವಿಚ್ ಮುಟ್ಟಬೇಡಿ" ಎಂದು ಬಂತು. ಅಜ್ಜಿ ಓದಲಿ ಎಂದು ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಬರೆದಿದ್ದ.

ಟೇಪು ಕಿತ್ತು ಒತ್ತಿದರೂ ಸುಲಭವಾಗಿರಲಿಲ್ಲ ನೋಡಿ. ನಮ್ಮ ಬೆರಳಿಗೆ ಒಂದು ಜ್ಞಾನವಿದೆ: ಕೆಳಗೆ ಒತ್ತಿದರೆ ಬೆಳಕು, ಮೇಲಕ್ಕೆ ಒತ್ತಿದರೆ ಕತ್ತಲೆ. ಕಣ್ಣಿಲ್ಲದೆಯೂ ಬೆರಳು ಅದನ್ನು ಬಲ್ಲದು. ಈಗ ಸ್ವಿಚ್ಚು ಆಗಲೇ ಕೆಳಗಿರುತ್ತದೆ, ಆದರೆ ಫೋನಿನಲ್ಲಿ ಆರಿಸಿರುವುದರಿಂದ ರೂಮಿನಲ್ಲಿ ಕತ್ತಲೆ. ಒಮ್ಮೆ ಒತ್ತಿದರೆ ಮೇಲಕ್ಕೆ ಹೋಗುತ್ತದೆ, ಏನೂ ಆಗುವುದಿಲ್ಲ. ಮತ್ತೊಮ್ಮೆ ಒತ್ತಿದರೆ ಬೆಳಕು ಬರುತ್ತದೆ. ಆದರೆ ಒಮ್ಮೆ ಒತ್ತಿ ಏನೂ ಆಗದಿದ್ದರೆ "ಬಲ್ಬು ಹೋಗಿದೆ" ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಬೇಸಿಗೆ ರಜೆಗೆ ಬಂದ ಮಗಳ ಮಗ ಇದನ್ನು ಆಟವಾಗಿ ಮಾಡಿಕೊಂಡು ನಾಲ್ಕೈದು ಸಲ ಪಟಪಟನೆ ಒತ್ತಿದ. ಹಾಗೆ ಮಾಡಿದರೆ ಬಲ್ಬು ತಾನು ಕಲಿತದ್ದನ್ನೆಲ್ಲ ಮರೆತು, ಹೊಸದಾಗಿ ಪರಿಚಯ ಮಾಡಿಕೊಡಿ ಎನ್ನುವಂತೆ ಮಿನುಗುತ್ತಾ ಕೂರುತ್ತದೆ. ಇನ್ನು ಮಳೆಗಾಲದ ಒಂದು ರಾತ್ರಿ ಮೂರು ಗಂಟೆಗೆ ಕರೆಂಟು ಹೋಗಿ ಬಂತು. ಯುಪಿಎಸ್‌ಗೆ ಸೇರದ ಬಲ್ಬುಗಳೆಲ್ಲ ಒಟ್ಟಿಗೆ ಪೂರ್ತಿ ಪ್ರಕಾಶದಲ್ಲಿ ಹತ್ತಿಕೊಂಡು ಮನೆ ಮದುವೆಮನೆಯಾಯಿತು. ಕರೆಂಟು ಮತ್ತೆ ಬಂದಾಗ ಹತ್ತಿಕೊಳ್ಳುವುದೇ ಅವುಗಳ ಸ್ವಭಾವವಂತೆ. ಬೇಡವೆಂದರೆ ಆ್ಯಪಿನಲ್ಲಿ ಬದಲಿಸಿಡಬೇಕಂತೆ. ಇದೆಲ್ಲ ನಗೆಯ ಸಂಗತಿ, ನಕ್ಕು ಮರೆಯಬಹುದು.

ಮರೆಯಲಾಗದ್ದು ಬೇರೆ. ಪರೀಕ್ಷೆಯ ದಿನಗಳಲ್ಲಿ ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಏಳೂವರೆ. ಮನೆಯಲ್ಲಿ ಅತ್ತೆ ಒಬ್ಬರೇ. ಗೇಟಿನಿಂದಲೇ ನೋಡಿದೆ, ಮನೆಯೆಲ್ಲ ಕತ್ತಲು. ಒಳಗೆ ಹೋದರೆ ಹಾಲಿನ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದಾರೆ. ಗಾಬರಿಯಾಗಿ, "ಯಾಕತ್ತೆ, ಲೈಟ್ ಹಾಕ್ಕೊಳ್ಳಬಾರದಿತ್ತಾ?" ಎಂದೆ. "ಮುಟ್ಬೇಡ ಅಂತ ಬರೆದಿದ್ದಾನಲ್ಲಮ್ಮ ಮಗು. ಅದಕ್ಕೇ ಸುಮ್ನೆ ಕೂತಿದ್ದೆ. ಯಾರಾದ್ರೂ ಬರ್ತೀರಲ್ಲ" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ದೂರೂ ಇರಲಿಲ್ಲ. ಸೂರ್ಯ ಮುಳುಗಿದ ಮೇಲೆ ಒಂದು ಗಂಟೆಯ ಹೊತ್ತು, ತಮ್ಮ ಮಗ ಕಟ್ಟಿಸಿದ ಮನೆಯಲ್ಲಿ, ಮೂರು ಮಾರು ದೂರದಲ್ಲಿ ಸ್ವಿಚ್ಚು ಇಟ್ಟುಕೊಂಡು, ಬೆಳಕು ಬರುವುದನ್ನು ಕಾಯುತ್ತಾ ಕೂತಿದ್ದರು.

ಮುಟ್ಟಬೇಡ ಎನ್ನುವ ಮಾತು ನಮ್ಮ ಮನೆಗಳಲ್ಲಿ ಹಗುರವಾದದ್ದಲ್ಲ. ಹೆಂಗಸರಿಗಂತೂ ಅದರ ತೂಕ ಚೆನ್ನಾಗಿ ಗೊತ್ತು. ನನ್ನ ತವರಿನಲ್ಲಿ ತಿಂಗಳಿಗೆ ಮೂರು ದಿನ ದೇವರ ದೀಪ ಮುಟ್ಟುವ ಹಾಗಿಲ್ಲ, ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ, ನೀರಿನ ಕೊಡ ಮುಟ್ಟುವ ಹಾಗಿಲ್ಲ. ಬಾಯಾರಿದರೆ ಯಾರಾದರೂ ಎತ್ತಿ ಹಾಕುವವರೆಗೂ ಕಾಯಬೇಕು. ನೀರು ಸಿಗುತ್ತಿರಲಿಲ್ಲ ಎಂದಲ್ಲ, ಸಿಗುತ್ತಿತ್ತು. ಆದರೆ ಕೇಳಬೇಕಿತ್ತು. ಕೆಲಸಕ್ಕೆ ಬರುವವರಿಗೆ ಬೇರೆ ಲೋಟವಿಡುವ ಮನೆಗಳು ಈಗಲೂ ಎಷ್ಟಿಲ್ಲ? ನಾನು ನೀರಿನ ಲೋಟವನ್ನು ಕೇಳದೆ ಮುಟ್ಟುವ ವಸ್ತುಗಳ ಸಾಲಿಗೆ ಸೇರಿಸಿದ್ದು ಬಹಳ ಮನೆಗಳಲ್ಲಿ ಬಹಳ ಜನರ ಪಾಲಿಗೆ ನಿಜವಲ್ಲ. ಆದರೆ ವಿಚಿತ್ರ ನೋಡಿ, ಅಷ್ಟು ಮಡಿ ಮೈಲಿಗೆಯ ಆ ಮನೆಯಲ್ಲೂ ವಿದ್ಯುತ್ ಸ್ವಿಚ್ಚಿಗೆ ಯಾವ ನಿಯಮವೂ ಇರಲಿಲ್ಲ. ಅಜ್ಜಿಯ ಶಾಸ್ತ್ರ ಹುಟ್ಟಿದಾಗ ಸ್ವಿಚ್ಚು ಹುಟ್ಟಿರಲಿಲ್ಲವಲ್ಲ! ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತ ಹುಡುಗಿಯೂ ಕೈ ಚಾಚಿ ಸ್ವಿಚ್ ಹಾಕಿ ಓದಬಹುದಿತ್ತು. ಅಂಥ ಒಂದು ವಸ್ತುವಿನ ಮೇಲೆ, ಇಷ್ಟು ವರ್ಷವಾದ ಮೇಲೆ, ಓದಿದ ಹುಡುಗ ಬಂದು ಪ್ರೀತಿಯಿಂದಲೇ "ಮುಟ್ಟಬೇಡಿ" ಎಂದು ಬರೆದು ಅಂಟಿಸಿದ. ಅವನಿಗೆ ಆ ಮಾತಿನ ತೂಕ ಗೊತ್ತಿಲ್ಲ. ಅವನ ಅಜ್ಜಿಗೆ ಗೊತ್ತು. ಆದ್ದರಿಂದಲೇ ಅವರು ಮುಟ್ಟಲಿಲ್ಲ.

ಸ್ವಿಚ್ಚೆಂಬುದು ನಮ್ಮ ಹೆಂಗಸರ ಕೈಗೆ ಎಂಥ ವರವಾಗಿ ಬಂತು ಎಂದು ನೆನೆಯುತ್ತೇನೆ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ಉತ್ಪಾದಿಸಿದ್ದು 1902ರಲ್ಲಿ. ಅದರ ಕನಸು ಕಂಡ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ಮೊದಲ ಕರೆಂಟು ನೂರನಲವತ್ತು ಚಿಲ್ಲರೆ ಕಿಲೋಮೀಟರು ತಂತಿಯ ಮೇಲೆ ಹರಿದು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಯಲ್ಲಿ, ಈಗಿನ ಕೆ.ಆರ್. ಮಾರ್ಕೆಟ್ಟಿನ ಹತ್ತಿರ, ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಗಣಿ ಮೊದಲು, ಬೀದಿ ಆಮೇಲೆ, ಉಳ್ಳವರ ಮನೆ ಅದರ ನಂತರ, ಅಡುಗೆಮನೆಗೆ ಎಲ್ಲಕ್ಕಿಂತ ಕೊನೆಗೆ. ದೊಡ್ಡಬಳ್ಳಾಪುರದ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ನಾನು ಹೈಸ್ಕೂಲು ಮುಟ್ಟುವವರೆಗೆ ಲಾಟೀನೇ ಇದ್ದದ್ದು. ಸಂಜೆ ಶಾಲೆಯಿಂದ ಬಂದ ಹೆಣ್ಣುಮಕ್ಕಳ ಕೆಲಸ ಅದರ ಗಾಜು ಒರೆಸುವುದು. ಬೂದಿ, ಹಳೆ ಪಂಚೆಯ ಚೂರು. ನಮ್ಮ ಕೈ ಸಣ್ಣದು, ಗಾಜಿನೊಳಗೆ ಹಿಡಿಸುತ್ತದೆ ಎಂದು ಕಾರಣ ಹೇಳುತ್ತಿದ್ದರು. ತಮ್ಮನ ಕೈ ನನ್ನದಕ್ಕಿಂತ ಸಣ್ಣದಿತ್ತು, ಅದನ್ನು ಯಾರೂ ಅಳೆದು ನೋಡಲಿಲ್ಲ. ಕರೆಂಟು ಬಂದ ದಿನ ಅಮ್ಮ ಹಾಕಿದ್ದು ಒಂದೇ ಬಲ್ಬು, ಒಂದೇ ಸ್ವಿಚ್ಚು. ಹಾಕಿ, ಬಲ್ಬಿಗೆ ಕೈಮುಗಿದರು. ಈಗಲೂ ಮುಸ್ಸಂಜೆ ಲೈಟು ಹಾಕಿದೊಡನೆ ಕೈಮುಗಿಯುವವರು ನಿಮ್ಮ ಮನೆಯಲ್ಲೂ ಇರಬೇಕು. ದೀಪ ಆರಿತು ಎನ್ನಬಾರದು, ಶಾಂತವಾಯಿತು ಅನ್ನಬೇಕು ಎಂದು ಹೇಳುವವರೂ ಇರಬೇಕು.

ನಾನು ಬಿ.ಎ. ಓದಿ ಸಮಾಜ ಪಾಠ ಹೇಳುವವಳು. ಈ ಬಲ್ಬಿನ ಜಗಳದ ಮೂಲ ಏನೆಂದು ವಿಜ್ಞಾನದ ಟೀಚರನ್ನು ಕೇಳಿದೆ. ಅವರು ಸ್ಟಾಫ್‌ ರೂಮಿನ ಹಲಗೆಯ ಮೇಲೆ ಎರಡು ಚಿತ್ರ ಬರೆದರು. ಮೊದಲನೆಯದರಲ್ಲಿ ಒಂದೇ ತಂತಿಯ ಮೇಲೆ ಒಂದರ ಹಿಂದೆ ಒಂದು ಎರಡು ಸ್ವಿಚ್ಚು. ಎರಡೂ "ಹೂಂ" ಅಂದರೆ ಮಾತ್ರ ಬೆಳಕು, ಯಾವ ಒಂದು "ಊಹೂಂ" ಅಂದರೂ ಕತ್ತಲೆ. ನಿಮ್ಮ ಗೋಡೆಯ ಸ್ವಿಚ್ಚು ಮತ್ತು ನಿಮ್ಮ ಮಗನ ಫೋನು ಹೀಗಿವೆ ಎಂದರು. ಎರಡನೆಯ ಚಿತ್ರ ನಮ್ಮೆಲ್ಲರ ಮನೆಯ ಮೆಟ್ಟಿಲಿನ ಲೈಟಿನದು. ಕೆಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು, ನಡುವೆ ಎರಡು ತಂತಿ. ಟೂ-ವೇ ಎನ್ನುತ್ತಾರೆ. ಕೆಳಗಿನವರು ಹಾಕಿದ್ದನ್ನು ಮೇಲಿನವರು ಆರಿಸಬಹುದು, ಮೇಲಿನವರು ಆರಿಸಿದ್ದನ್ನು ಕೆಳಗಿನವರು ಹಾಕಬಹುದು. ಯಾರ ಕೈಯೂ ಇನ್ನೊಬ್ಬರ ಕೈಯನ್ನು ಕಟ್ಟುವುದಿಲ್ಲ. ಇಷ್ಟು ನ್ಯಾಯವಾದ ಸಂಗತಿಯನ್ನು ದಿನಕ್ಕೆ ಹತ್ತು ಸಲ ಮೆಟ್ಟಿಲಲ್ಲಿ ಒತ್ತಿಕೊಂಡು ಓಡಾಡುತ್ತೇವೆ, ಒಮ್ಮೆಯೂ ಯೋಚಿಸುವುದಿಲ್ಲ.

ಮೊದಲನೆಯ ಚಿತ್ರದಲ್ಲಿ ಬಲ ಯಾರ ಕಡೆಗಿದೆ ನೋಡಿ. ಗೋಡೆಯ ಕಡೆಗಿದೆ. ಅಲ್ಲಿ ಆರಿಸಿದ್ದನ್ನು ಫೋನು ಹತ್ತಿಸಲಾರದು. ಹಾಗಾಗಿ ಫೋನಿನವನು ತನ್ನ ಕೈಯನ್ನು ಆಫೀಸಿನವರೆಗೆ ಉದ್ದ ಮಾಡಿಕೊಳ್ಳಬೇಕಾದರೆ ಮನೆಯಲ್ಲಿರುವ ಬೇರೆ ಐದು ಜನರ ಕೈಯನ್ನು ಕಟ್ಟಿಹಾಕಲೇಬೇಕು. ಆ ಬಿಳಿ ಟೇಪು ಮಾಡಿದ್ದು ಅದನ್ನೇ. ಸೊಸೆ ಮತ್ತು ನನ್ನ ಫೋನಿಗೂ ಆ್ಯಪು ಹಾಕಿಕೊಟ್ಟ. ಯಜಮಾನರು ಬೇಡವೆಂದರು. ಅತ್ತೆಯ ಹತ್ತಿರ ಇರುವುದು ಗುಂಡಿಯ ಫೋನು. ಕೆಲಸದಾಕೆಯ ಫೋನಿಗೆ ನಮ್ಮ ಮನೆಯ ಬಲ್ಬಿನ ಕೀಲಿ ಕೊಡುವ ವಿಚಾರ ಯಾರಿಗೂ ಹೊಳೆಯಲೇ ಇಲ್ಲ. ಅವಳು ಬೆಳಗಿನ ಆರು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಸ್ವಲ್ಪ ಲೈಟ್ ಹಾಕ್ಕೊಡ್ತೀರಾ?" ಎಂದು ಕೇಳುವಳು. ಹಿಂದೆ ಬೆಳಕು ಹಾಕಿಕೊಂಡು ಪಾತ್ರೆ ತೊಳೆಯುತ್ತಿದ್ದವಳು ಈಗ ಬೇಡಬೇಕು. ನಾನು ಹಾಕಿಕೊಟ್ಟರೆ ಅದು ನನ್ನ ದೊಡ್ಡತನವಾಗಿಬಿಡುತ್ತದೆ! ಎರಡು ದಿನ ಕೇಳಿ, ಮೂರನೆಯ ದಿನ ಕೇಳದೆ ಮಬ್ಬಿನಲ್ಲೇ ತಿಕ್ಕಿಹೋದಳು. ಪಾತ್ರೆಯ ತಳದಲ್ಲಿ ಜಿಡ್ಡು ಉಳಿದದ್ದಕ್ಕೆ ಸೊಸೆ ಗೊಣಗಿದಳು.

ಹಣ ಕೊಟ್ಟು ತಂದವನು ಅವನು, ಅವನಿಗಿಷ್ಟ ಬಂದಂತೆ ಇಟ್ಟುಕೊಳ್ಳಲಿ ಎನ್ನುವವರಿದ್ದಾರೆ. ಅಕ್ಕಿಯನ್ನೂ ಒಬ್ಬರೇ ತರುತ್ತಾರೆ, ಊಟ ಎಲ್ಲರೂ ಮಾಡುತ್ತೇವೆ. ಆ ವಾದ ನನಗೆ ಹಿಡಿಸಲಿಲ್ಲ.

ಉಳಿತಾಯದ ವಾದವನ್ನೂ ಇಲ್ಲಿ ಎತ್ತಬಹುದಿತ್ತು, ಎತ್ತಲಾರೆ, ಏಕೆಂದರೆ ಲೆಕ್ಕ ನನ್ನ ಕಡೆಗಿಲ್ಲ. ಆರಿದ್ದಾಗಲೂ ಈ ಬಲ್ಬು ಕಿವಿ ತೆರೆದುಕೊಂಡಿರಲು ಅರ್ಧ ವ್ಯಾಟ್‌ನಷ್ಟು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 19 ಗಂಟೆ ಆರಿದ್ದರೆ ತಿಂಗಳಿಗೆ ಕಾಲು ಯೂನಿಟ್ಟಿಗೆ ಸ್ವಲ್ಪ ಮೇಲೆ. 9 ವ್ಯಾಟಿನ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ಸುಮಾರು ಒಂದೂಕಾಲು ಯೂನಿಟ್ಟು. ನಮ್ಮ ಕಾಲದ 60 ವ್ಯಾಟಿನ ಬುರುಡೆ ಬಲ್ಬು ಅಷ್ಟೇ ಹೊತ್ತಿಗೆ 9 ಯೂನಿಟ್ ನುಂಗುತ್ತಿತ್ತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಎಷ್ಟೋ ಮನೆಗಳಲ್ಲಿ ಬಿಲ್ಲಿನ ಹೆದರಿಕೆಯೇ ಹೋಯಿತು. ಹಾಗಿದ್ದರೆ ತರಗತಿಯಿಂದ ಹೊರಡುವಾಗ ಫ್ಯಾನು, ಲೈಟು ಆರಿಸಿ ಎಂದು ಮಕ್ಕಳಿಗೆ ಇನ್ನೂ ಏಕೆ ಹೇಳುತ್ತೇನೆ? ಆರಿಸಲು ಒಂದು ಮಗು ಬಾಗಿಲ ಬಳಿ ನಿಂತು ಹಿಂತಿರುಗಿ ನೋಡಬೇಕು. ಯಾರಾದರೂ ಒಳಗೆ ಉಳಿದಿದ್ದಾರೆಯೇ? ಪುಸ್ತಕ ಬಿಟ್ಟಿದ್ದಾರೆಯೇ? ಕಿಟಕಿ ಮುಚ್ಚಿದೆಯೇ? ನನಗೆ ಬೇಕಾಗಿರುವುದು ಆ ಹಿಂತಿರುಗಿ ನೋಡುವಿಕೆ. ಸ್ವಿಚ್ಚು ಅದಕ್ಕೊಂದು ನೆಪ. ಈಗ ಕೆಲವೆಡೆ ಮನುಷ್ಯರ ಅಲುಗಾಟ ಕಂಡು ತಾನೇ ಹತ್ತಿ ಆರುವ ಲೈಟುಗಳಿವೆ. ಅಂಥ ರೂಮಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದಿ ನೋಡಿ, ಹತ್ತು ನಿಮಿಷಕ್ಕೊಮ್ಮೆ ಕೈ ಬೀಸಿ ನೀವು ಬದುಕಿದ್ದೀರೆಂದು ರುಜುವಾತು ಮಾಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಯಲಹಂಕ ಉಪನಗರದಲ್ಲಿರುವ ನನ್ನ ಸಹೋದ್ಯೋಗಿಯೊಬ್ಬರ ಅಣ್ಣ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಹಾಸಿಗೆ ಹಿಡಿದವರು. ಕುತ್ತಿಗೆಯ ಕೆಳಗೆ ಏನೂ ಆಡದು. ಅವರ ರೂಮಿನಲ್ಲೂ ಇದೇ ಬಲ್ಬು. ಮಾತು ಕೇಳುವ ಪುಟ್ಟ ಪೆಟ್ಟಿಗೆಯೊಂದನ್ನು ತಲೆದೆಸೆಯಲ್ಲಿ ಇಟ್ಟಿದ್ದಾರೆ. ಅವರು ಹೇಳಿದರೆ ಬೆಳಕು ಬರುತ್ತದೆ, ಹೇಳಿದರೆ ಹೋಗುತ್ತದೆ. ನಾನು ನೋಡಲು ಹೋದಾಗ ಮೂರು ಸಲ ಹತ್ತಿಸಿ ಆರಿಸಿ ತೋರಿಸಿದರು. ಒಂಬತ್ತು ವರ್ಷ ರಾತ್ರಿಯೆಲ್ಲ ತಂಗಿಯನ್ನು ಕೂಗಿ ಎಬ್ಬಿಸಬೇಕಾಗಿತ್ತಂತೆ, ಇಲ್ಲವೇ ಕತ್ತಲನ್ನೋ ಬೆಳಕನ್ನೋ ಸಹಿಸಿಕೊಂಡು ಬಿದ್ದಿರಬೇಕಾಗಿತ್ತಂತೆ. ಅವರ ಪಾಲಿಗೆ ಮುಟ್ಟಲಾಗದ ವಸ್ತುವೆಂದರೆ ಗೋಡೆಯ ಸ್ವಿಚ್ಚೇ. ಅಳತೆ ನೋಡಿದರೆ ನಮ್ಮ ಮನೆಯ ಸ್ವಿಚ್‌ಬೋರ್ಡುಗಳೆಲ್ಲ ನಾಲ್ಕೂವರೆ ಅಡಿ ಎತ್ತರದಲ್ಲಿವೆ. ಐದು ವರ್ಷದ ಮಗುವಿಗೆ ಎಟುಕದು, ಗಾಲಿಕುರ್ಚಿಯಲ್ಲಿ ಕೂತವರಿಗೆ ಕಷ್ಟ. ಸ್ವಿಚ್ಚು ಎಲ್ಲರದು ಎಂದು ನಾನು ಹೆಮ್ಮೆಪಡುತ್ತಿದ್ದುದು ಎದ್ದು ನಿಲ್ಲಬಲ್ಲ ಎಲ್ಲರದು ಎಂಬ ಅರ್ಥದಲ್ಲಿ ಮಾತ್ರ. ಆ ಮನೆಯಲ್ಲಿ ಬಲ್ಬು ಒಂದು ಹೊಸ ಕೈಯನ್ನು ಸೇರಿಸಿತು. ನಮ್ಮಲ್ಲಿ ಅದೇ ಬಲ್ಬು ಇದ್ದ ಕೈಗಳನ್ನು ಕಿತ್ತುಕೊಂಡಿತು.

ಮನೆಗೆ ಬಂದು ಇದನ್ನೇ ಮಗನಿಗೆ ಹೇಳಿದೆ, ಅಜ್ಜಿ ಕತ್ತಲಲ್ಲಿ ಕೂತಿದ್ದುದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಇದಕ್ಕೆ ಬೇರೆ ದಾರಿಯಿದೆ ಎಂದ. ಬಲ್ಬಿನೊಳಗೆ ಇರುವ ಬುದ್ಧಿಯನ್ನು ಸ್ವಿಚ್‌ಬೋರ್ಡಿನ ಹಿಂದೆ ಇಡುವುದು; ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸಾಧನ. ಬಲ್ಬು ಸಾಮಾನ್ಯವಾದದ್ದೇ. ಗೋಡೆಯಲ್ಲಿ ಒತ್ತಿದರೂ ಅದು ಕೇಳುತ್ತದೆ, ಫೋನಿನಲ್ಲಿ ಹೇಳಿದರೂ ಕೇಳುತ್ತದೆ. ಮೆಟ್ಟಿಲಿನ ಲೈಟಿನ ಹಾಗೆ. ಅದಕ್ಕೆ ಬೋರ್ಡಿನೊಳಗೆ ನ್ಯೂಟ್ರಲ್ ತಂತಿ ಬೇಕು. ನಮ್ಮ ಬೋರ್ಡುಗಳಲ್ಲಿ ಸ್ವಿಚ್ಚಿನ ಪಕ್ಕ ಪ್ಲಗ್ ಪಾಯಿಂಟೂ ಇರುವುದರಿಂದ ಆ ತಂತಿ ಇದ್ದೇ ಇತ್ತು. ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಒಂದು ಮಧ್ಯಾಹ್ನದಲ್ಲಿ ನಾಲ್ಕು ಬೋರ್ಡಿಗೆ ಹಾಕಿಹೋದ. ಟೇಪು ಹೋಯಿತು. ಅದರ ಅಂಟಿನ ಗುರುತು ಸೀಮೆಎಣ್ಣೆ ಹಾಕಿ ಒರೆಸಿದರೂ ಪೂರ್ತಿ ಹೋಗಿಲ್ಲ.

ಉಳಿದದ್ದು ಅತ್ತೆಯ ಮಂಚದ ಪಕ್ಕದ ದೀಪ. ಅದರ ಹೋಲ್ಡರಿನಲ್ಲೇ ಬಲ್ಬಿನ ಕೆಳಗೆ ಒಂದು ಗುಂಡಿ ಇದೆ, ತಿರುವಿದರೆ ಹತ್ತುತ್ತದೆ. ಅಲ್ಲಿ ಹಿಂದೆ ಇಡಲು ಗೋಡೆಯೂ ಇಲ್ಲ, ಬೋರ್ಡೂ ಇಲ್ಲ. ಅಲ್ಲಿ ಮಾತ್ರ ಸ್ಮಾರ್ಟ್ ಬಲ್ಬೇ ಇರಲಿ, ಗುಂಡಿ ತಿರುವದಿದ್ದರೆ ಸಾಕು ಎಂದು ಮಗನ ಹಟ. ಅವನ ಭಯವನ್ನು ನಾನು ಅಲ್ಲಗಳೆಯಲಾರೆ. ಬಲ್ಬು ಎಷ್ಟು ಗಂಟೆಗೆ ಹತ್ತಿತು, ಎಷ್ಟು ಹೊತ್ತು ಉರಿಯಿತು ಎಂಬುದು ಅವನ ಫೋನಿನಲ್ಲಿ ಕಾಣುತ್ತದೆ. ಈ ವಯಸ್ಸಿನಲ್ಲಿ ರಾತ್ರಿ ಎದ್ದು ಬಿದ್ದರೆ ಗೊತ್ತಾಗುವುದು ಹೇಗೆ? ಅದೇ ಬಲ್ಬು ಇದ್ದ ದಿನಗಳಲ್ಲಿ ಒಮ್ಮೆ ತಿಂಡಿ ತಿನ್ನುತ್ತಾ, "ಅಜ್ಜಿ, ನಿನ್ನೆ ರಾತ್ರಿ ಎರಡರಿಂದ ಮೂರೂವರೆವರೆಗೆ ಲೈಟ್ ಉರೀತಿತ್ತಲ್ಲ, ನಿದ್ದೆ ಬರ್ಲಿಲ್ವಾ?" ಎಂದು ಕೇಳಿದ್ದ. ಕಾಳಜಿಯ ಮಾತೇ. ಆದರೆ ಅಂದಿನಿಂದ ಅತ್ತೆ ರಾತ್ರಿ ಎಚ್ಚರವಾದರೆ ಲೈಟು ಹಾಕದೆ ಕತ್ತಲಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹೋದ ತಂಗಿಯ ಕಾಗದಗಳನ್ನು ಆ ಹೊತ್ತಿನಲ್ಲಿ ತೆಗೆದು ಓದುತ್ತಿದ್ದರಂತೆ. ಅದನ್ನು ಯಾರಿಗೂ ಹೇಳುವ ಇಚ್ಛೆ ಅವರಿಗಿರಲಿಲ್ಲ.

ನಾನು ನಡುವೆ ಬಾಯಿ ಹಾಕಲಿಲ್ಲ, ಅಜ್ಜಿಯನ್ನೇ ಕೇಳು ಎಂದೆ. ಅವನು ಬಲ್ಬು ಹಿಡಿದುಕೊಂಡು ಹೋಗಿ ಕೇಳಿದ. "ನಾನು ಎದ್ದಿದ್ದು ನಿಂಗೆ ಹೇಳುತ್ತಾ ಇದು?" ಎಂದು ಅವರು ಕೇಳಿದರು. "ಹೇಳತ್ತೆ ಅಜ್ಜಿ, ಅದಕ್ಕೇ ಒಳ್ಳೇದು" ಎಂದ. "ಹಾಗಿದ್ರೆ ಬೇಡಪ್ಪ. ಬೇಕಾದಾಗ ನಾನೇ ಕೂಗ್ತೀನಿ" ಎಂದರು.

ಮಂಚದ ಕಾಲಿಗೆ ಒಂದು ಕರೆಗಂಟೆಯ ಗುಂಡಿ ಕಟ್ಟಿಕೊಟ್ಟೆವು. ಒತ್ತಿದರೆ ನಮ್ಮ ರೂಮಿನಲ್ಲೂ ಮಗನ ರೂಮಿನಲ್ಲೂ ಬಾರಿಸುತ್ತದೆ. ಈವರೆಗೆ ಎರಡು ಸಲ ಬಾರಿಸಿದ್ದಾರೆ, ಒಮ್ಮೆ ಕಾಲು ಸೆಳೆತಕ್ಕೆ, ಒಮ್ಮೆ ಬೆಕ್ಕಿಗೆ. ಪಕ್ಕದ ದೀಪದಲ್ಲಿ 3 ವ್ಯಾಟಿನ ಸಾಮಾನ್ಯ ಬಲ್ಬಿದೆ. ಮಗನ ಬಲ್ಬನ್ನು ಗೇಟಿನ ಕಂಬದ ಮೇಲಿನ ಗಾಜಿನ ಬುರುಡೆಯೊಳಗೆ ಹಾಕಿದ್ದೇವೆ. ದಿನಾ ಸಂಜೆ ಆರೂಕಾಲಕ್ಕೆ ತಾನಾಗಿ ಹತ್ತುತ್ತದೆ.